ತೀರ್ಪಿನಲ್ಲಿ ಇಲ್ಲದ ಹೆಸರುಗಳು: ಶಿಕ್ಷೆಯಾದ ಕೊಲೆಗಾರನ ಹಿಂದಿನ ವರ್ಷಗಳನ್ನು ಹವ್ಯಾಸಿಗಳು ಶೋಧಿಸುವ ಬಗೆ

ಬೆಳಗಾವಿಯ ಹಿಂಡಲಗಾ ಕಾರಾಗೃಹದ ಹೆಸರು ಈ ಭಾಗದ ಜನರಿಗೆ ಹೊಸದಲ್ಲ. ರಾಜ್ಯದ ಬೇರೆ ಬೇರೆ ಊರುಗಳಲ್ಲಿ ನಡೆದ ಘೋರ ಕೊಲೆಗಳಲ್ಲಿ ಶಿಕ್ಷೆಗೊಳಗಾದವರನ್ನು ಇಲ್ಲಿಗೆ ತಂದು ಇರಿಸುವುದುಂಟು. 1998ರಲ್ಲಿ ಬೆಂಗಳೂರಿನಲ್ಲಿ ನಡೆದ ಅತ್ಯಾಚಾರ ಮತ್ತು ಕೊಲೆಗಾಗಿ ಮರಣದಂಡನೆಗೆ ಗುರಿಯಾಗಿದ್ದ ಉಮೇಶ್ ರೆಡ್ಡಿ ಇಲ್ಲಿ ವರ್ಷಗಟ್ಟಲೆ ಒಂಟಿ ಕೋಣೆಯಲ್ಲಿದ್ದ. ಹಾಗೆ ಒಂಟಿಯಾಗಿ ಇರಿಸಿದ್ದನ್ನೂ ಪರಿಗಣಿಸಿ ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ಅವನ ಶಿಕ್ಷೆಯನ್ನು ಕನಿಷ್ಠ 30 ವರ್ಷಗಳ ಜೀವಾವಧಿಗೆ ಇಳಿಸಿತು. ಇಂಥ ಸುದ್ದಿ ಬಂದಾಗಲೆಲ್ಲ ಬೆಳಗಾವಿಯ ಚಹಾದಂಗಡಿಯಿಂದ ವಿಜಯಪುರದ ವಕೀಲರ ಕೊಠಡಿಯವರೆಗೆ ಒಂದು ಪ್ರಶ್ನೆ ಏಳುತ್ತದೆ: ಇಂಥವರು ಕೊಂದದ್ದು ತೀರ್ಪಿನಲ್ಲಿ ಹೆಸರಿರುವವರನ್ನು ಮಾತ್ರವೋ, ಲೆಕ್ಕಕ್ಕೆ ಬಾರದವರು ಇನ್ನೂ ಇದ್ದಾರೋ?

ಈಗ ಈ ಪ್ರಶ್ನೆಗೆ ಉತ್ತರ ಹುಡುಕಲು ಸಾಮಾನ್ಯ ಜನರೇ ಕುಳಿತುಕೊಳ್ಳುತ್ತಿದ್ದಾರೆ. ಪೊಲೀಸ್ ಅಧಿಕಾರವಿಲ್ಲದೆ, ಸಂಬಳವಿಲ್ಲದೆ, ಎಲ್ಲರಿಗೂ ಸಿಗುವ ದಾಖಲೆಗಳನ್ನಷ್ಟೇ ಇಟ್ಟುಕೊಂಡು ಹಳೆಯ ಅಪರಾಧಗಳನ್ನು ಪರಿಶೀಲಿಸುವವರನ್ನು ಈ ಲೇಖನದಲ್ಲಿ ಹವ್ಯಾಸಿ ಶೋಧಕರು ಎಂದು ಕರೆಯಲಾಗಿದೆ. ಅವರು ಏನು ಮಾಡುತ್ತಾರೆ, ಅದರಿಂದ ಏನು ಸಿದ್ಧವಾಗುತ್ತದೆ, ಏನು ಸಿದ್ಧವಾಗುವುದಿಲ್ಲ ಎಂಬುದನ್ನು ಬುಡದಿಂದ ನೋಡೋಣ.

ತೀರ್ಪಿನ ಸಂಖ್ಯೆ ಏಕೆ ಪೂರ್ಣವಾಗಿರಬೇಕಾಗಿಲ್ಲ

ನ್ಯಾಯಾಲಯ ತನ್ನ ಮುಂದೆ ಬಂದ ಪ್ರಕರಣವನ್ನು ಮಾತ್ರ ತೀರ್ಮಾನಿಸುತ್ತದೆ. ಒಬ್ಬ ವ್ಯಕ್ತಿ ಹತ್ತು ಜನರನ್ನು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಊರಿನಲ್ಲಿ ಕೊಂದಿದ್ದರೆ ಕಾನೂನಿನ ದೃಷ್ಟಿಯಲ್ಲಿ ಅವು ಹತ್ತು ಅಪರಾಧಗಳು; ಪ್ರತಿಯೊಂದಕ್ಕೂ ಪ್ರತ್ಯೇಕ ತನಿಖೆ ಮತ್ತು ಪ್ರತ್ಯೇಕ ಪುರಾವೆ ಬೇಕು. ಎರಡು ಪ್ರಕರಣಗಳಲ್ಲಿ ಶಿಕ್ಷೆಯಾಗಿ ಎಂಟು ಪ್ರಕರಣಗಳು ಎಫ್‌ಐಆರ್ ಹಂತಕ್ಕೂ ಬಾರದಿದ್ದರೆ ದಾಖಲೆಯಲ್ಲಿ ಉಳಿಯುವುದು ಎರಡೇ. ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷಿಸಬಾರದೆಂಬ ಸಂವಿಧಾನದ 20ನೇ ವಿಧಿಯ ರಕ್ಷಣೆ ಇಲ್ಲಿ ಅಡ್ಡಬರುವುದಿಲ್ಲ, ಏಕೆಂದರೆ ಬೇರೆ ವ್ಯಕ್ತಿಯ ಕೊಲೆ ಬೇರೆಯದೇ ಅಪರಾಧ. ಕೊಲೆ ಪ್ರಕರಣ ದಾಖಲಿಸಲು ಕಾಲಮಿತಿಯೂ ಇಲ್ಲ. ಮೂವತ್ತು ವರ್ಷಗಳ ನಂತರವೂ ತನಿಖೆ ತೆರೆಯಬಹುದು.

ಪತ್ರಿಕೆಗಳಲ್ಲಿ ಕಾಣುವ ದೊಡ್ಡ ಸಂಖ್ಯೆಗಳು ಬಹುತೇಕ ಪೊಲೀಸರ ಮುಂದೆ ಆರೋಪಿ ಹೇಳಿದ ಮಾತಿನಿಂದ ಬಂದವು. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಪ್ರಕಾರ ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಆ ಹೇಳಿಕೆಯಿಂದ ಒಂದು ಶವವೋ, ಒಡವೆಯೋ, ಆಯುಧವೋ ಸಿಕ್ಕಿದರೆ ಅದಕ್ಕೆ ಸಂಬಂಧಿಸಿದಷ್ಟು ಭಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಬೆಳಗಾವಿಗೆ ಹತ್ತಿರದ ಗೋವಾದಲ್ಲಿ 2009ರಲ್ಲಿ ಬಂಧಿತನಾದ ಮಹಾನಂದ ನಾಯ್ಕ 16 ಯುವತಿಯರನ್ನು ಕೊಂದನೆಂದು ಪೊಲೀಸರು ಹೇಳಿದ್ದರು. ಕೆಲವು ಪ್ರಕರಣಗಳಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಹಲವು ಪ್ರಕರಣಗಳು ಪುರಾವೆ ಸಾಲದೆ ಬಿದ್ದುಹೋದವು. ಪೊಲೀಸರ ಸಂಖ್ಯೆ ಒಂದು, ನ್ಯಾಯಾಲಯದ ಸಂಖ್ಯೆ ಇನ್ನೊಂದು. ಇವೆರಡರ ನಡುವೆ ಉಳಿದ ಕುಟುಂಬಗಳಿಗೆ ಖಚಿತ ಉತ್ತರ ಸಿಗಲಿಲ್ಲ.

ಎರಡು ಕಡತಗಳ ನಡುವಿನ ಅಂತರ

ಹವ್ಯಾಸಿ ಶೋಧಕನ ಕೆಲಸ ಕೊಲೆಗಾರನಿಂದ ಆರಂಭವಾಗುತ್ತದೆ ಎಂದು ಅನೇಕರು ಭಾವಿಸುತ್ತಾರೆ. ನಿಜವಾಗಿ ಅದು ಆರಂಭವಾಗಬೇಕಾದುದು ಪೊಲೀಸ್ ಠಾಣೆಯ ಎರಡು ಬಗೆಯ ಕಡತಗಳಿಂದ. ಮೊದಲನೆಯದು ಕಾಣೆಯಾದವರ ಪ್ರಕರಣ: ಮನೆಯಿಂದ ಹೋದವರು ಮರಳಿ ಬಂದಿಲ್ಲವೆಂದು ಮನೆಯವರು ಕೊಟ್ಟ ದೂರು. ಎರಡನೆಯದು ಅಸ್ವಾಭಾವಿಕ ಸಾವಿನ ವರದಿ, ಠಾಣೆಯ ಮಾತಿನಲ್ಲಿ ಯುಡಿಆರ್: ಆತ್ಮಹತ್ಯೆ, ಅಪಘಾತ, ಮುಳುಗಿದ ಸಾವು, ಕಾರಣ ತಿಳಿಯದ ಸಾವು ಇವುಗಳ ದಾಖಲೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಅಡಿಯಲ್ಲಿ ಪೊಲೀಸರು ಶವದ ಪಂಚನಾಮೆ ನಡೆಸಿ, ಅನುಮಾನವಿದ್ದರೆ ಮರಣೋತ್ತರ ಪರೀಕ್ಷೆ ಮಾಡಿಸಿ ವರದಿ ಕಳಿಸುತ್ತಾರೆ. ಕೊಲೆಯೆನ್ನಲು ಕಾರಣ ಕಾಣದಿದ್ದರೆ ಕಡತ ಅಲ್ಲಿಗೆ ಮುಗಿಯುತ್ತದೆ. ಗುರುತು ಸಿಗದ ಶವವನ್ನು ಕೆಲವು ದಿನ ಕಾಯ್ದಿರಿಸಿ, ವಾರಸುದಾರರು ಬಾರದಿದ್ದರೆ ಮಣ್ಣು ಮಾಡಲಾಗುತ್ತದೆ.

ಈ ಎರಡು ಕಡತಗಳು ಬೇರೆ ಬೇರೆ ಠಾಣೆಗಳಲ್ಲಿದ್ದರೆ ಏನಾಗಬಹುದು ಎಂಬುದನ್ನು ಕರ್ನಾಟಕ 2009ರಲ್ಲಿ ಕಂಡಿತು. ದಕ್ಷಿಣ ಕನ್ನಡದ ಶಾಲಾ ಶಿಕ್ಷಕನಾಗಿದ್ದ, ಜನರು ಸಯನೈಡ್ ಮೋಹನ್ ಎಂದು ಕರೆದ ಮೋಹನ್ ಕುಮಾರ್, 2003ರಿಂದ 2009ರವರೆಗೆ ಮದುವೆಯ ಆಸೆ ತೋರಿಸಿ ಯುವತಿಯರನ್ನು ಊರಿಂದ ದೂರ ಕರೆದೊಯ್ದು ವಿಷವಿಕ್ಕಿ ಕೊಲ್ಲುತ್ತಿದ್ದ ಆರೋಪದ ಮೇಲೆ ಆ ವರ್ಷದ ಅಕ್ಟೋಬರ್‌ನಲ್ಲಿ ಬಂಧಿತನಾದ. 20 ಮಹಿಳೆಯರ ಸಾವಿಗೆ ಸಂಬಂಧಿಸಿ ಮಂಗಳೂರಿನ ನ್ಯಾಯಾಲಯದಲ್ಲಿ ವಿಚಾರಣೆಗಳು ನಡೆದವು. ಕಾಣೆಯಾದ ದೂರು ಹೆಣ್ಣುಮಗಳ ತವರಿನ ಠಾಣೆಯಲ್ಲಿತ್ತು. ಶವ ಸಿಕ್ಕಿದ್ದು ದೂರದ ಊರಿನ ಬಸ್ ನಿಲ್ದಾಣದ ಶೌಚಾಲಯದಲ್ಲಿ, ಅಲ್ಲಿಯ ಠಾಣೆಯ ಪುಸ್ತಕದಲ್ಲಿ ಅದು ಗುರುತಿಲ್ಲದ ಅಸ್ವಾಭಾವಿಕ ಸಾವು. ಮನೆಯವರು ಮಗಳು ಯಾರೊಡನೆಯೋ ಹೋಗಿ ಸಂಸಾರ ಹೂಡಿರಬಹುದೆಂದು ನಂಬಿದ್ದರು. ಒಬ್ಬ ಯುವತಿ ಕಾಣೆಯಾದ ಪ್ರಕರಣದಲ್ಲಿ ದೂರವಾಣಿ ಕರೆಗಳ ವಿವರ ಹಿಡಿದು ಹೊರಟ ಪೊಲೀಸರಿಗೆ ಉಳಿದ ಹೆಸರುಗಳು ಒಂದರ ಹಿಂದೊಂದು ಸಿಕ್ಕವು. ಆರು ವರ್ಷಗಳ ಕಾಲ ಎರಡೂ ಬಗೆಯ ಕಡತಗಳು ಇದ್ದೇ ಇದ್ದವು. ಅವನ್ನು ಅಕ್ಕಪಕ್ಕ ಇಟ್ಟು ನೋಡುವ ಸಂದರ್ಭ ಬಂದಿರಲಿಲ್ಲ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಂಬ ನಮ್ಮ ಮೂರು ಜಿಲ್ಲೆಗಳಲ್ಲಿ ಈ ಅಂತರ ಇನ್ನೂ ಹಿರಿದಾಗಲು ಭೂಗೋಳವೇ ಕಾರಣವಾಗುತ್ತದೆ. ಬೆಳಗಾವಿಯಿಂದ ಕೊಲ್ಹಾಪುರ, ಸಾಂಗ್ಲಿ ಮತ್ತು ಗೋವಾ ಕೆಲವೇ ಗಂಟೆಗಳ ದಾರಿ. ವಿಜಯಪುರದಿಂದ ಸೊಲ್ಲಾಪುರವೂ ಹಾಗೆಯೇ. ಗಡಿ ದಾಟಿದೊಡನೆ ಪೊಲೀಸ್ ವ್ಯವಸ್ಥೆ ಬದಲಾಗುತ್ತದೆ, ದಾಖಲೆಯ ಭಾಷೆಯೂ ಬದಲಾಗುತ್ತದೆ. ಮೀರಜ್-ಲೋಂಡಾ ಮಾರ್ಗದಲ್ಲಾಗಲಿ, ಬಾಗಲಕೋಟೆ ಮತ್ತು ವಿಜಯಪುರಗಳ ಮೂಲಕ ಹೋಗುವ ಗದಗ-ಹೋಟಗಿ ಮಾರ್ಗದಲ್ಲಾಗಲಿ ಹಳಿಯ ಮೇಲೆ ಸಿಕ್ಕ ಶವ ರೈಲ್ವೆ ಪೊಲೀಸರ ವ್ಯಾಪ್ತಿಗೆ ಸೇರುತ್ತದೆ. ಕೃಷ್ಣಾ, ಘಟಪ್ರಭಾ, ಮಲಪ್ರಭಾ, ಭೀಮಾ ನದಿಗಳಲ್ಲಿ ಮತ್ತು ಅವುಗಳ ಕಾಲುವೆಗಳಲ್ಲಿ ಬಿದ್ದದ್ದು ಒಂದು ತಾಲ್ಲೂಕಿನಲ್ಲಿದ್ದರೆ ತೇಲಿದ್ದು ಇನ್ನೊಂದರಲ್ಲಿರಬಹುದು. ಇದಕ್ಕೆಲ್ಲ ಮಿಗಿಲಾಗಿ, ದುಡಿಯಲು ಗೋವಾಕ್ಕೆ ಹೋದವರು, ಕಬ್ಬು ಕಡಿಯುವ ಗ್ಯಾಂಗಿನೊಡನೆ ತಿಂಗಳುಗಟ್ಟಲೆ ಹೊರಗಿರುವವರು ಸಂಪರ್ಕಕ್ಕೆ ಸಿಗದಿದ್ದರೆ ಮನೆಯವರು ಬಹುಕಾಲ ದೂರನ್ನೇ ಕೊಡುವುದಿಲ್ಲ. ದೂರೇ ಇಲ್ಲದ ಮೇಲೆ ಹೊಂದಿಸಿ ನೋಡಲು ಒಂದು ಕಡೆಯ ಕಡತವೂ ಇರುವುದಿಲ್ಲ. ಈ ವಿಷಯದಲ್ಲಿ ಅತ್ಯಂತ ಗಂಭೀರವಾದ ತೊಡಕು ಇದೇ ಎಂದು ನನಗೆ ತೋರುತ್ತದೆ.

ಕಾಲಪಟ್ಟಿ: ಕೆಲಸದ ಬೆನ್ನೆಲುಬು

ಶಿಕ್ಷೆಯಾದವನು ಯಾವ ವರ್ಷ, ಯಾವ ತಿಂಗಳು, ಎಲ್ಲಿದ್ದ ಎಂಬುದನ್ನು ದಾಖಲೆಗಳಿಂದ ಕಟ್ಟುವುದೇ ಕಾಲಪಟ್ಟಿ. ಇದರ ಅತ್ಯುತ್ತಮ ಉದಾಹರಣೆ ಬ್ರಿಟನ್ನಿನ ಪೊಲೀಸರದ್ದು. ಪೀಟರ್ ಟೋಬಿನ್ ಎಂಬವನು 2006ರಲ್ಲಿ ಗ್ಲಾಸ್ಗೋ ನಗರದಲ್ಲಿ ಒಬ್ಬ ಯುವತಿಯನ್ನು ಕೊಂದ ಪ್ರಕರಣದಲ್ಲಿ ಸಿಕ್ಕಾಗ ಅವನಿಗೆ ಅರವತ್ತರ ವಯಸ್ಸು. ಅಷ್ಟು ವಯಸ್ಸಾದವನ ಮೊದಲ ಕೊಲೆ ಇದಾಗಿರಲಾರದು ಎಂದು ಶಂಕಿಸಿದ ಪೊಲೀಸರು ‘ಆಪರೇಷನ್ ಅನಾಗ್ರಾಮ್’ ಎಂಬ ಹೆಸರಿನಲ್ಲಿ ಅವನು ಬಾಳಿದ ಮನೆಗಳು, ಬಳಸಿದ ಹೆಸರುಗಳು, ಓಡಿಸಿದ ಕಾರುಗಳನ್ನೆಲ್ಲ ವರ್ಷವಾರು ಪಟ್ಟಿ ಮಾಡಿದರು. 1991ರಲ್ಲಿ ಅವನು ಸ್ಕಾಟ್ಲೆಂಡಿನ ಬಾತ್‌ಗೇಟ್‌ನಿಂದ ಇಂಗ್ಲೆಂಡಿನ ಮಾರ್ಗೇಟ್‌ಗೆ ಮನೆ ಬದಲಿಸಿದ್ದ. ಅದೇ ವರ್ಷದ ಫೆಬ್ರವರಿಯಲ್ಲಿ ಬಾತ್‌ಗೇಟ್‌ನಿಂದ 15 ವರ್ಷದ ಬಾಲಕಿಯೂ, ಆಗಸ್ಟ್‌ನಲ್ಲಿ ಇಂಗ್ಲೆಂಡಿನಲ್ಲಿ 18 ವರ್ಷದ ಯುವತಿಯೂ ಕಾಣೆಯಾಗಿದ್ದರು. 2007ರ ನವೆಂಬರ್‌ನಲ್ಲಿ ಮಾರ್ಗೇಟ್ ಮನೆಯ ಹಿತ್ತಲನ್ನು ಅಗೆದಾಗ ಇಬ್ಬರ ದೇಹಗಳೂ ಸಿಕ್ಕವು. ಹದಿನಾರು ವರ್ಷ ಅವು ಅಲ್ಲಿಯೇ ಇದ್ದವು, ಟೋಬಿನ್ ಬಿಟ್ಟುಹೋದ ಮೇಲೆ ಆ ಮನೆಯಲ್ಲಿ ಬೇರೆಯವರು ಬಾಳಿದ್ದರು.

ನಮ್ಮಲ್ಲಿ ಇಂಥ ಪಟ್ಟಿಯನ್ನು ಕಟ್ಟಲು ಹವ್ಯಾಸಿಗೆ ಸಿಗುವ ಮೊದಲ ಆಕರ ತೀರ್ಪಿನ ಪ್ರತಿ. ಜಿಲ್ಲಾ ನ್ಯಾಯಾಲಯಗಳ ತೀರ್ಪುಗಳು ಇ-ಕೋರ್ಟ್ಸ್ ತಾಣದಲ್ಲಿ ಶುಲ್ಕವಿಲ್ಲದೆ ಸಿಗುತ್ತವೆ. ಮೇಲ್ಮನವಿಯ ತೀರ್ಪು ಹುಡುಕುವಾಗ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳು ಹೈಕೋರ್ಟಿನ ಧಾರವಾಡ ಪೀಠಕ್ಕೆ, ವಿಜಯಪುರ ಜಿಲ್ಲೆ ಕಲಬುರಗಿ ಪೀಠಕ್ಕೆ ಸೇರಿವೆ ಎಂಬುದು ನೆನಪಿರಬೇಕು. ತೀರ್ಪಿನಲ್ಲಿ ಆರೋಪಿಯ ಉದ್ಯೋಗ, ವಾಸದ ಊರು, ಬಂಧನದ ದಿನಾಂಕ, ಸಾಕ್ಷಿಗಳು ಅವನನ್ನು ಕಂಡ ಸ್ಥಳಗಳು ಎಲ್ಲವೂ ಚದುರಿಕೊಂಡಿರುತ್ತವೆ. ತಾಳ್ಮೆಯಿಂದ ಓದಿದರೆ ಹತ್ತಾರು ಖಚಿತ ದಿನಾಂಕಗಳು ಸಿಗುತ್ತವೆ. ಎರಡನೆಯ ಆಕರ ಹಳೆಯ ಪತ್ರಿಕೆಗಳು. ಒಳಪುಟದ ಪೊಲೀಸ್ ಪ್ರಕಟಣೆಗಳಲ್ಲಿ ಬರುವ ‘ಕೋಲು ಮುಖ, ಗೋಧಿ ಮೈಬಣ್ಣ, ಬಲಗೈ ಮೇಲೆ ಹಚ್ಚೆ’ ಎಂಬ ಮೂರು ಸಾಲಿನ ವಿವರಕ್ಕೆ ಎಷ್ಟೋ ಸಲ ತನಿಖೆಯ ದಿಕ್ಕನ್ನೇ ತಿರುಗಿಸುವ ಬೆಲೆ ಇರುತ್ತದೆ. ಉಟ್ಟಿದ್ದುದು ಇಳಕಲ್ ಸೀರೆ ಎಂಬ ಒಂದು ಮಾತು, ಸಿಕ್ಕಿದ್ದು ಗೋವಾದಲ್ಲಾದರೂ, ಹುಡುಕಾಟವನ್ನು ಈ ಕಡೆಗೆ ತಿರುಗಿಸಬಲ್ಲದು.

ಪಟ್ಟಿಯಲ್ಲಿ ಬಹಳ ಜನ ಮರೆಯುವ ಒಂದು ಕಾಲಂ ಇದೆ: ಅವನು ಜೈಲಿನಲ್ಲಿದ್ದ ದಿನಗಳು ಮತ್ತು ಜಾಮೀನು ಅಥವಾ ಪೆರೋಲ್ ಮೇಲೆ ಹೊರಗಿದ್ದ ದಿನಗಳು. ಒಂದು ಸಾವು ನಡೆದಾಗ ಅವನು ಬಂಧನದಲ್ಲಿದ್ದರೆ ಆ ಹೆಸರನ್ನು ಅಲ್ಲಿಯೇ ಕೈಬಿಡಬೇಕು. ಕೈಬಿಡುವುದು ಕೂಡ ಶೋಧದ ಫಲವೇ.

ಪೊಲೀಸರಲ್ಲದವರ ಗಮನಿಕೆ ನಿಜಕ್ಕೂ ನೆರವಾದದ್ದುಂಟು. ಇಂಗ್ಲೆಂಡಿನ ಹೈಡ್ ಪಟ್ಟಣದ ವೈದ್ಯ ಹೆರಾಲ್ಡ್ ಶಿಪ್‌ಮನ್ 15 ಕೊಲೆಗಳಿಗಾಗಿ 2000ದ ಜನವರಿಯಲ್ಲಿ ಶಿಕ್ಷೆಗೊಳಗಾದ. ಅದಕ್ಕೆ ಮೊದಲೇ ಆ ಊರಿನ ಒಬ್ಬ ಟ್ಯಾಕ್ಸಿ ಚಾಲಕ, ತನ್ನ ವಾಹನದಲ್ಲಿ ಓಡಾಡುತ್ತಿದ್ದ ವೃದ್ಧೆಯರು ಒಬ್ಬೊಬ್ಬರಾಗಿ ಇದ್ದಕ್ಕಿದ್ದಂತೆ ತೀರಿಕೊಳ್ಳುತ್ತಿರುವುದನ್ನೂ ಅವರೆಲ್ಲ ಒಬ್ಬನೇ ವೈದ್ಯನ ರೋಗಿಗಳೆಂಬುದನ್ನೂ ಕಂಡು ಹೆಸರುಗಳನ್ನು ಬರೆದಿಟ್ಟುಕೊಂಡಿದ್ದ. ಆ ಪಟ್ಟಿಯನ್ನು ಪೊಲೀಸರಿಗೆ ಕೊಟ್ಟ. ಶಿಕ್ಷೆಯ ನಂತರ ನ್ಯಾಯಮೂರ್ತಿ ಜಾನೆಟ್ ಸ್ಮಿತ್ ನಡೆಸಿದ ವಿಚಾರಣೆ ಮರಣಪತ್ರಗಳನ್ನೂ ವೈದ್ಯಕೀಯ ದಾಖಲೆಗಳನ್ನೂ ಒಂದೊಂದಾಗಿ ನೋಡಿ, 2002ರ ಜುಲೈನಲ್ಲಿ 215 ಸಾವುಗಳಿಗೆ ಅವನೇ ಕಾರಣನೆಂದು ಹೇಳಿತು.

ಹೊಂದಿಕೆ ಪುರಾವೆಯಲ್ಲ

ಇಲ್ಲಿಯೇ ಹವ್ಯಾಸಿಗಳು ಹೆಚ್ಚು ಎಡವುವುದು. ಸವದತ್ತಿ ಯಲ್ಲಮ್ಮನ ಜಾತ್ರೆಯಲ್ಲಿ ಒಬ್ಬರ ಗಂಟು ಕಳೆಯಿತೆಂದುಕೊಳ್ಳಿ. ಹಿಂದೆ ಕಳ್ಳತನದಲ್ಲಿ ಸಿಕ್ಕಿಬಿದ್ದವನೊಬ್ಬ ಆ ದಿನ ಗುಡ್ಡದ ಮೇಲಿದ್ದನೆಂದು ಗೊತ್ತಾದರೆ ಅವನನ್ನು ವಿಚಾರಿಸಲು ಅದು ಕಾರಣವಾಗುತ್ತದೆ. ಅವನೇ ಕದ್ದನೆಂದು ಅದರಿಂದ ಸಿದ್ಧವಾಗುವುದಿಲ್ಲ, ಏಕೆಂದರೆ ಆ ದಿನ ಅಲ್ಲಿ ಲಕ್ಷಾಂತರ ಜನರಿದ್ದರು. ಕೊಲೆಗಾರನೊಬ್ಬ ಹತ್ತು ವರ್ಷ ಲಾರಿ ಓಡಿಸಿದ್ದರೆ ಅವನ ದಾರಿಯುದ್ದಕ್ಕೂ ಆ ಹತ್ತು ವರ್ಷಗಳಲ್ಲಿ ಕಾಣೆಯಾದವರು ಇದ್ದೇ ಇರುತ್ತಾರೆ. ನಕ್ಷೆಯ ಮೇಲೆ ಗುರುತು ಹಾಕಿದಾಗ ಅವೆಲ್ಲ ಅವನ ಸುತ್ತ ನೆರೆದಂತೆ ಕಾಣುತ್ತವೆ. ಆದರೆ ಅವನು ಹೋಗದ ದಾರಿಯಲ್ಲಿ ಎಷ್ಟು ಜನ ಕಾಣೆಯಾದರು ಎಂಬುದನ್ನು ಎಣಿಸದೆ ಆ ನೋಟಕ್ಕೆ ಬೆಲೆ ಇಲ್ಲ.

ಕೃತ್ಯದ ಶೈಲಿಯ ಹೋಲಿಕೆಯೂ ಅಷ್ಟೇ ಜಾರುವ ನೆಲ. ಕತ್ತು ಹಿಸುಕಿ ಕೊಂದದ್ದು, ಒಡವೆ ದೋಚಿದ್ದು, ಮದುವೆಯ ಆಸೆ ತೋರಿಸಿದ್ದು ಇವು ಬೇರೆ ಬೇರೆ ಅಪರಾಧಿಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳು. ಟೋಬಿನ್ ಸಿಕ್ಕಿಬಿದ್ದ ಮೇಲೆ 1968-69ರಲ್ಲಿ ಗ್ಲಾಸ್ಗೋದಲ್ಲಿ ನಡೆದ, ‘ಬೈಬಲ್ ಜಾನ್’ ಎಂಬ ಅಜ್ಞಾತ ವ್ಯಕ್ತಿಯ ಮೇಲೆ ಹೊರಿಸಲಾದ ಮೂರು ಕೊಲೆಗಳಿಗೂ ಅವನೇ ಕಾರಣನೆಂದು ಅನೇಕರು ಬರೆದರು. ಅವನು 2022ರಲ್ಲಿ ಸತ್ತ. ಆ ನಂಟು ಸಾಬೀತಾಗಲಿಲ್ಲ.

ಕೊಲೆಗಾರನ ಸ್ವಂತ ಮಾತನ್ನೂ ಹಾಗೆಯೇ ನಂಬುವಂತಿಲ್ಲ. ಅಮೆರಿಕದ ಹೆನ್ರಿ ಲೀ ಲೂಕಸ್ 1983ರಲ್ಲಿ ಬಂಧಿತನಾದ ಮೇಲೆ ನೂರಾರು ಕೊಲೆಗಳನ್ನು ಒಪ್ಪಿಕೊಂಡ, ಹಲವು ರಾಜ್ಯಗಳ ಪೊಲೀಸರು ತಮ್ಮ ಹಳೆಯ ಕಡತಗಳನ್ನು ಅವನ ಹೆಸರಿನಲ್ಲಿ ಮುಚ್ಚಿದರು. 1985ರಲ್ಲಿ ಡಲ್ಲಾಸ್‌ನ ಒಂದು ಪತ್ರಿಕೆ ಅವನ ಓಡಾಟದ ಕಾಲಪಟ್ಟಿ ಕಟ್ಟಿ, ಆ ದಿನಗಳಲ್ಲಿ ಅವನು ಅಷ್ಟು ದೂರದ ಊರುಗಳಲ್ಲಿರಲು ಸಾಧ್ಯವೇ ಇರಲಿಲ್ಲ ಎಂದು ತೋರಿಸಿತು. ಅವನಿಗೆ ಮರಣದಂಡನೆ ತಂದ ಪ್ರಕರಣದ ಕೊಲೆ ನಡೆದಾಗಲೂ ಅವನು ಫ್ಲಾರಿಡಾದಲ್ಲಿ ಕೆಲಸದಲ್ಲಿದ್ದನೆಂಬುದಕ್ಕೆ ದಾಖಲೆಗಳಿದ್ದವು. 1998ರಲ್ಲಿ ಆ ಶಿಕ್ಷೆಯನ್ನು ಜೀವಾವಧಿಗೆ ಇಳಿಸಲಾಯಿತು. ಸ್ವೀಡನ್ನಿನಲ್ಲಿ ಸ್ಟೂರೆ ಬರ್ಗ್‌ವಾಲ್ ಎಂಬವನಿಗೆ ತಪ್ಪೊಪ್ಪಿಗೆಗಳನ್ನೇ ನಂಬಿ ಎಂಟು ಕೊಲೆಗಳಲ್ಲಿ ಶಿಕ್ಷೆಯಾಗಿತ್ತು. 2013ರ ಹೊತ್ತಿಗೆ ಎಂಟೂ ರದ್ದಾದವು. ಸುಳ್ಳು ಒಪ್ಪಿಗೆಯನ್ನು ಸ್ವೀಕರಿಸಿದಾಗ ನಿಜವಾದ ಕೊಲೆಗಾರನನ್ನು ಹುಡುಕುವ ಕೆಲಸ ನಿಂತುಹೋಗುತ್ತದೆ. ಇದು ಸತ್ತವರಿಗೆ ಮತ್ತೊಮ್ಮೆ ಮಾಡುವ ಅನ್ಯಾಯ.

ಒಪ್ಪಿಗೆಯನ್ನು ಪರೀಕ್ಷಿಸಿ ನೋಡಿದ ಉದಾಹರಣೆಯೂ ಇದೆ. ಸ್ಯಾಮ್ಯುಯೆಲ್ ಲಿಟ್ಲ್ ಎಂಬವನಿಗೆ 2014ರಲ್ಲಿ ಮೂರು ಕೊಲೆಗಳಲ್ಲಿ ಶಿಕ್ಷೆಯಾಗಿತ್ತು. 2018ರಿಂದ ಅವನು 93 ಕೊಲೆಗಳನ್ನು ಒಪ್ಪಿಕೊಂಡ. ಅಮೆರಿಕದ ಎಫ್‌ಬಿಐ ಪ್ರತಿ ಮಾತನ್ನೂ ಹಳೆಯ ಕಡತಗಳೊಂದಿಗೆ ತಾಳೆ ನೋಡಿ, 2019ರ ಅಕ್ಟೋಬರ್ ವೇಳೆಗೆ 50 ಖಚಿತವಾಗಿವೆ ಎಂದು ಪ್ರತ್ಯೇಕವಾಗಿ ಹೇಳಿತು. ಉಳಿದವುಗಳಿಗಾಗಿ ಅವನೇ ನೆನಪಿನಿಂದ ಬಿಡಿಸಿದ ಮುಖಗಳ ಚಿತ್ರಗಳನ್ನು ಪ್ರಕಟಿಸಿ ಜನರ ನೆರವು ಕೇಳಿತು.

ಯಾವುದು ಪುರಾವೆಯಾಗುತ್ತದೆ

ಶವವಿದ್ದರೆ ಮೂಳೆ ಅಥವಾ ಹಲ್ಲಿನಿಂದ ಡಿಎನ್‌ಎ ತೆಗೆದು ರಕ್ತಸಂಬಂಧಿಗಳ ಡಿಎನ್‌ಎ ಜೊತೆ ಹೋಲಿಸಬಹುದು. ಮಣ್ಣು ಮಾಡಿದ ಶವವನ್ನು ಹೊರತೆಗೆಸುವ ಅಧಿಕಾರ ನಾಗರಿಕ ಸುರಕ್ಷಾ ಸಂಹಿತೆಯ 196ನೇ ಕಲಂ ಅಡಿಯಲ್ಲಿ ಮ್ಯಾಜಿಸ್ಟ್ರೇಟರಿಗೆ ಇದೆ. ಬೆಳಗಾವಿಯಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವಿದೆ. ಆದರೆ ದೇಶದಲ್ಲಿ ಡಿಎನ್‌ಎ ದತ್ತಾಂಶ ಬ್ಯಾಂಕ್ ರಚಿಸಬೇಕಿದ್ದ ಮಸೂದೆಯನ್ನು 2023ರ ಜುಲೈನಲ್ಲಿ ಸಂಸತ್ತಿನಿಂದ ಹಿಂಪಡೆಯಲಾಯಿತು. ಹಾಗಾಗಿ ಶವ ಯಾರದಿರಬಹುದು ಎಂಬ ಊಹೆ ಮೊದಲು ಇರಬೇಕು, ಹೋಲಿಕೆ ಆಮೇಲೆ. ಆ ಊಹೆಯನ್ನು ಒದಗಿಸುವುದರಲ್ಲಿಯೇ ಹವ್ಯಾಸಿಯ ಪ್ರಯೋಜನ ಹೆಚ್ಚು. ಲೂಕಸ್‌ಗೆ ಮರಣದಂಡನೆ ತಂದ ಪ್ರಕರಣದ ಅಜ್ಞಾತ ಮಹಿಳೆಯ ಗುರುತನ್ನು 2019ರಲ್ಲಿ, ಸತ್ತ 40 ವರ್ಷಗಳ ನಂತರ, ವಂಶಾವಳಿ ಬಲ್ಲ ಸ್ವಯಂಸೇವಕರ ನೆರವಿನಿಂದಲೇ ಪತ್ತೆ ಮಾಡಲಾಯಿತು. ಶವ ಉಳಿಯದಿದ್ದರೆ ಕಡತದ ಭಾವಚಿತ್ರ, ಬಟ್ಟೆ, ಒಡವೆ, ಅಡವು ಅಂಗಡಿಯ ಚೀಟಿ ಇವೇ ಆಧಾರ.

ಹವ್ಯಾಸಿ ದಾಟಬಾರದ ಗೆರೆ

2013ರಲ್ಲಿ ಬಾಸ್ಟನ್ ಬಾಂಬ್ ಸ್ಫೋಟದ ನಂತರ ಅಂತರ್ಜಾಲದ ಶೋಧಕರು ಭಾರತೀಯ ಮೂಲದ ಒಬ್ಬ ವಿದ್ಯಾರ್ಥಿಯೇ ಅಪರಾಧಿಯೆಂದು ಸಾರಿದರು. ಅವನು ಸ್ಫೋಟಕ್ಕೂ ಮೊದಲೇ ಕಾಣೆಯಾಗಿದ್ದವನು. ಕೃತ್ಯಕ್ಕೂ ಅವನಿಗೂ ಸಂಬಂಧವಿರಲಿಲ್ಲ. ಕೆಲವು ದಿನಗಳಲ್ಲಿ ಅವನ ಶವವೇ ಸಿಕ್ಕಿತು. ಮಗನನ್ನು ಹುಡುಕುತ್ತಿದ್ದ ಮನೆಯವರು ಆ ದಿನಗಳಲ್ಲಿ ಬೈಗುಳ ಕೇಳಬೇಕಾಯಿತು. ಶಿಕ್ಷೆಯಾದವನ ಹೆಂಡತಿ, ಮಕ್ಕಳು, ಹಳೆಯ ಗೆಳೆಯರ ಹೆಸರನ್ನು ಎಳೆದು ತರುವಾಗ ಇದು ನೆನಪಿರಬೇಕು.

ಕಾನೂನಿನ ಗೆರೆಗಳೂ ಇವೆ. ಪುರಾವೆಯಿಲ್ಲದೆ ಒಬ್ಬರನ್ನು ಕೊಲೆಗಾರನೆಂದು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ ಮಾನನಷ್ಟವಾಗಬಹುದು. ಲೈಂಗಿಕ ಅಪರಾಧದ ಸಂತ್ರಸ್ತೆಯ ಗುರುತು ಬಹಿರಂಗಪಡಿಸುವುದನ್ನು 72ನೇ ಕಲಂ ನಿಷೇಧಿಸುತ್ತದೆ, ಆಕೆ ತೀರಿಕೊಂಡಿದ್ದರೂ ಇದು ಅನ್ವಯಿಸುತ್ತದೆ. ಅನುಮಾನದ ಜಾಗವನ್ನು ತಾವೇ ಅಗೆಯಬಾರದು. ಅಗೆದವರ ಮೇಲೆ ಪ್ರಕರಣವಾಗುವುದಷ್ಟೇ ಅಲ್ಲ, ಮೂಳೆ ಯಾವ ಆಳದಲ್ಲಿ ಹೇಗೆ ಬಿದ್ದಿತ್ತು ಎಂಬ ಪುರಾವೆಯೇ ನಾಶವಾಗುತ್ತದೆ. ಕಾಣೆಯಾದವರ ಮನೆಗೆ ನೇರವಾಗಿ ಹೋಗಿ ‘ನಿಮ್ಮ ಮಗಳನ್ನು ಇಂಥವನೇ ಕೊಂದಿರಬಹುದು’ ಎಂದು ಹೇಳುವುದಂತೂ ಕ್ರೌರ್ಯ.

ಸಿಕ್ಕಿದ ಮಾಹಿತಿಯನ್ನು ಕಾಣೆಯಾದ ದೂರು ದಾಖಲಾದ ಠಾಣೆಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಬೇಕು, ಪ್ರತಿಯನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬೇಕು. ಒಂದಕ್ಕಿಂತ ಹೆಚ್ಚು ಜಿಲ್ಲೆಗೆ ಸಂಬಂಧಿಸಿದ್ದರೆ ಬೆಳಗಾವಿಯಲ್ಲಿರುವ ಉತ್ತರ ವಲಯದ ಪೊಲೀಸ್ ಮಹಾನಿರೀಕ್ಷಕರ ಕಚೇರಿಗೂ ಬರೆಯುವುದು ಒಳ್ಳೆಯದು, ಏಕೆಂದರೆ ಈ ಮೂರೂ ಜಿಲ್ಲೆಗಳು ಆ ವಲಯಕ್ಕೆ ಸೇರಿವೆ. ಪತ್ರದಲ್ಲಿ ದಿನಾಂಕ, ಆಕರ, ಎರಡು ಕಡತಗಳ ಸಂಖ್ಯೆ ಇರಲಿ, ತೀರ್ಮಾನ ಬೇಡ. ದೋಷಾರೋಪ ಪಟ್ಟಿ ಸಲ್ಲಿಕೆಯಾದ ಪ್ರಕರಣದಲ್ಲಿಯೂ ಹೊಸ ಮಾಹಿತಿ ಬಂದರೆ ಮುಂದುವರಿದ ತನಿಖೆ ನಡೆಸಲು ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಂ ಅವಕಾಶ ಕೊಡುತ್ತದೆ.

ಗುರುತು ಸಿಕ್ಕರೆ ಕುಟುಂಬಕ್ಕೆ ಏನಾಗುತ್ತದೆ

ಕಾಣೆಯಾದವರು ಸತ್ತರೆಂದು ಕಾನೂನು ಭಾವಿಸಬೇಕಾದರೆ ಸಾಮಾನ್ಯವಾಗಿ ಏಳು ವರ್ಷ ಅವರ ಸುದ್ದಿಯೇ ಇರಬಾರದು. ಅದರ ಮೇಲೂ ನ್ಯಾಯಾಲಯಕ್ಕೆ ಹೋಗಿ ಘೋಷಣೆ ಪಡೆಯಬೇಕಾಗುತ್ತದೆ. ಅಲ್ಲಿಯವರೆಗೆ ಮರಣಪತ್ರವಿಲ್ಲ. ಮರಣಪತ್ರವಿಲ್ಲದೆ ಹೊಲದ ಉತಾರದಲ್ಲಿ ವಾರಸಾ ಹೆಸರು ಏರುವುದಿಲ್ಲ, ವಿಮೆಯ ಹಣ ಬರುವುದಿಲ್ಲ, ಉಳಿದ ಹೆಂಡತಿಗೆ ವಿಧವಾ ವೇತನ ಸಿಗುವುದಿಲ್ಲ. ಗುರುತಿಲ್ಲದ ಶವ ಇವರದೇ ಎಂದು ಡಿಎನ್‌ಎ ಹೋಲಿಕೆಯಿಂದ ಖಚಿತವಾದರೆ ಮರಣವನ್ನು ಅವರ ಹೆಸರಿನಲ್ಲಿ ದಾಖಲಿಸಲು ದಾರಿಯಾಗುತ್ತದೆ. ಸಾವು ಅಪರಾಧದಿಂದಾದದ್ದು ಎಂದು ಕಂಡುಬಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಪರಿಹಾರಕ್ಕೆ ಅರ್ಜಿ ಹಾಕಬಹುದು, ಕೊಂದವನು ಪತ್ತೆಯಾಗದಿದ್ದರೂ ಈ ಅವಕಾಶವಿದೆ. ಜೈಲಿನಲ್ಲಿರುವವನ ಮೇಲೆ ಹೊಸ ಕೊಲೆ ಆರೋಪ ಸಾಬೀತಾಗುವುದೋ ಇಲ್ಲವೋ ಎಂಬುದಕ್ಕೆ ಈ ಯಾವುದೂ ಕಾಯಬೇಕಾಗಿಲ್ಲ.